ಶಾಫ್ಟಿನೊಳಗಿನ ದೇವರು

ಹವಾನಾ ಕೊಲ್ಲಿಯ ಕೆಳಗಿನ ಸುರಂಗಕ್ಕೆ ಎರಡು ಅಂತಸ್ತಾಗಿ ಹೋದ ಕೇಕು ಹೊರಗೆ ಬರುವಷ್ಟರಲ್ಲಿ ಒಂದೂಕಾಲು ಅಂತಸ್ತಾಗಿತ್ತು. ಉಳಿದ ಮುಕ್ಕಾಲು ಭಾಗ ಟ್ಯಾಕ್ಸಿ ಓಡಿಸುವ ಅರ್ಸೆನಿಯೊನ ಕಾರಿನ ಸೀಟಿನ ಮೇಲೆ, ಎದೆಲ್ಮಿರಾಳ ಹೊಸ ಲಂಗದ ಮೇಲೆ, ಸ್ವಲ್ಪ ಅರ್ಸೆನಿಯೊನ ಕತ್ತಿನ ಹಿಂದೆ ಹಂಚಿಹೋಗಿತ್ತು. ಎದೆಲ್ಮಿರಾ ಕೇಕು ಮಾಡುವವಳು. ಮೊಟ್ಟೆಯ ಬಿಳಿಗೆ ಸಕ್ಕರೆ ಹಾಕಿ ಅವಳು ಕಡೆಯುವ ಮೆರೆಂಗೆ ಎಂಬ ನೊರೆ ನಮ್ಮೂರು ಗ್ವಾನಬಕೋವಾದಲ್ಲಿ ಹೆಸರುವಾಸಿ. ಅವತ್ತು ಅವಳು ಕೂಗಾಡಲಿಲ್ಲ. ಲಂಗ ಒರೆಸಿಕೊಂಡು, ತಣ್ಣಗೆ ಹೀಗೆ ಹೇಳಿದಳಂತೆ.

"ನನ್ನ ಮದುವೆ ಆಗ್ತೀಯಾ ಅಂತ ನೀವು ಕೇಳಿ ಒಂದು ತಿಂಗಳಾಯ್ತು. ಇವತ್ತು ಹೂಂ ಅನ್ನೋಣ ಅಂತಿದ್ದೆ."

"ಮತ್ತೆ ಅನ್ನು" ಎಂದ ಅರ್ಸೆನಿಯೊ.

"ಎಲ್ಲ ಸರಿಹೋಗತ್ತೆ ಅಂತ ಮೊದಲನೇ ಗಂಡ ಹೇಳ್ತಿದ್ದ. ಎರಡನೆಯವನೂ ಅದನ್ನೇ ಹೇಳ್ತಿದ್ದ. ಗಂಡಸರ ಮಾತು ನನಗೆ ಸಾಕಾಗಿದೆ. ಮೆರೆಂಗೆ ಸುಳ್ಳು ಹೇಳಲ್ಲ. ಮೂರು ವಾರ ಬಿಟ್ಟು ಶನಿವಾರ ನಮ್ಮಕ್ಕನ ಮಗಳಿಗೆ ಹದಿನೈದು ತುಂಬತ್ತೆ. ಮೂರಂತಸ್ತಿನ ಕೇಕು. ಇದೇ ಕಾರಲ್ಲಿ, ಇದೇ ಸುರಂಗದಲ್ಲಿ ತಗೊಂಡು ಹೋಗೋಣ. ಒಂದು ಬಿರುಕೂ ಇಲ್ದೆ ತಲುಪಿದ್ರೆ ನಿಮ್ಮ ಮನೆಗೆ ಬರ್ತೀನಿ. ಬಿರುಕು ಬಿಟ್ರೆ ನಾವಿಬ್ರೂ ಒಳ್ಳೆ ಸ್ನೇಹಿತರು."

ಕಾರನ್ನು ನೇರ ನನ್ನ ಗ್ಯಾರೇಜಿಗೆ ತಂದು ನಿಲ್ಲಿಸಿದ ಅರ್ಸೆನಿಯೊ. ಕತ್ತಿನ ಮೇಲೆ ಇನ್ನೂ ಮೆರೆಂಗೆ ಇತ್ತು. "ಒಳ್ಳೆ ಸ್ನೇಹಿತರು ಅಂದ್ಲು ಕಣೋ ನಿಕಾನೋರ್. ಐವತ್ತೆಂಟು ವರ್ಷಕ್ಕೆ ನನಗೆ ಇನ್ನೊಬ್ಬ ಸ್ನೇಹಿತ ಯಾಕೆ? ನಿನ್ನಂಥೋನು ಒಬ್ಬ ಇರೋದೇ ಸಾಕಾಗಿದೆ."

ನಿಕಾನೋರ್ ಎಂದರೆ ನಾನೇ. ಸಕ್ಕರೆ ಕಾರ್ಖಾನೆಯಲ್ಲಿ ಲೇತ್ ಕೆಲಸ ಕಲಿತವನು, ಈಗ ಸ್ವಂತ ಗ್ಯಾರೇಜು. ಅರ್ಸೆನಿಯೊನ ಕಾರು ಐವತ್ತಾರನೇ ಇಸವಿಯ ಅಮೇರಿಕದ್ದು. ಇಂಥವನ್ನು ನಾವು ಬಾದಾಮಿ ಎನ್ನುತ್ತೇವೆ, ಆಕಾರ ಹಾಗಿದೆ. ಹಳೇ ಪೆಟ್ರೋಲ್ ಎಂಜಿನ್ ಕುಡುಕನ ಹಾಗೆ ಕುಡಿಯುತ್ತಿತ್ತು. ಮೂರು ತಿಂಗಳ ಹಿಂದೆ ಅದನ್ನು ಕಿತ್ತು ಒಂದು ಸಣ್ಣ ಲಾರಿಯ ಡೀಸೆಲ್ ಎಂಜಿನ್ ಕೂರಿಸಿದ್ದೆ. ಲಾರಿಯ ಗೇರ್‌ಬಾಕ್ಸ್ ಗಿಡ್ಡ. ಹಾಗಾಗಿ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ತಿರುಗುವ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಒಂದು ಗೇಣು ಸಾಲದೆ ಬಂತು. ಅದು ಉದ್ದನೆಯ ಟೊಳ್ಳು ಕೊಳವೆ. ಮಧ್ಯೆ ಕತ್ತರಿಸಿ, ಗೇಣುದ್ದದ ತುಂಡು ಸೇರಿಸಿ ಬೆಸುಗೆ ಹಾಕಿದ್ದೆ. ಆವತ್ತಿನಿಂದ ಕಾರು ಐವತ್ತರ ವೇಗ ದಾಟಿದರೆ ನಡುಗುತ್ತದೆ. ಅರವತ್ತಕ್ಕೆ ಹಲ್ಲು ಕಟಕಟ ಎನ್ನುತ್ತದೆ. ಟ್ಯಾಕ್ಸಿ ಹತ್ತುವ ಜನ ಸುಮ್ಮನಿದ್ದರು, ನಿಂತು ಹೋಗುವ ಬಸ್ಸಿಗಿಂತ ಕೂತು ನಡುಗುವುದು ವಾಸಿ ಎಂದು. ಕೇಕಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು? ಇಷ್ಟು ದಿನ ಊರೊಳಗೆ ನಿಧಾನ ಹೋಗಿ ಕೇಕು ಉಳಿಸಿದ್ದ, ಸುರಂಗದಲ್ಲಿ ಹಾಗೆ ಹೋಗುವಂತಿಲ್ಲ, ಹಿಂದಿನ ಬಸ್ಸಿನವನು ಹಾರ್ನ್ ಹೊಡೆದೇ ಸಾಯಿಸುತ್ತಾನೆ.

"ನೀನು ಶಾಫ್ಟ್ ಉದ್ದ ಮಾಡಿದ ಮೇಲೇ ಇದು ಶುರುವಾಗಿದ್ದು" ಎಂದ ಅರ್ಸೆನಿಯೊ.

"ನನ್ನ ಬೆಸುಗೆ ಬಗ್ಗೆ ಮಾತಾಡ್ಬೇಡ. ನಿನ್ನ ಟೈರು ನೋಡಿದ್ದೀಯಾ? ನಮ್ಮಜ್ಜನ ಮೊಣಕಾಲು ಅದಕ್ಕಿಂತ ದುಂಡಗಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಆದರೆ ಕೈ ಅತ್ತ ಹೋಗಿದ್ದು ನಿಜ. ಯಾಕೆಂದು ಆಮೇಲೆ ಹೇಳುತ್ತೇನೆ.

ಎದುರಿಗೇ ರಿಗೊನ ಕ್ಷೌರದ ಅಂಗಡಿ. ಅಂಗಡಿಯ ಮುಂದೆ ಡಾಮಿನೊ ಆಡುವವರ ಮೇಜು. ನಮ್ಮೂರಲ್ಲಿ ಬಾನೆಟ್ ಎತ್ತಿದರೆ ಸಾಕು, ಹೆಣದ ಸುತ್ತ ನೆಂಟರು ಸೇರಿದ ಹಾಗೆ ಜನ ಸೇರುತ್ತಾರೆ. ಒಬ್ಬ ಎಂಜಿನ್ ಎಂದ. ಇನ್ನೊಬ್ಬ ಬ್ರೇಕ್ ಡ್ರಮ್ ಎಂದ. ರಿಗೊ ಅರ್ಧ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬಂದು, "ಮೇಸ್ತ್ರಿ, ಕಾರು ನಡುಗ್ತಿಲ್ಲ. ಮದುವೆ ಅಂದ್ರೆ ಅರ್ಸೆನಿಯೊನೇ ನಡುಗ್ತಿದ್ದಾನೆ, ಕಾರು ಅವನನ್ನ ನೋಡಿ ಕಲಿತಿದೆ" ಎಂದ.

"ನಿನ್ನ ಕತ್ತರಿ ನಡುಗದ ಹಾಗೆ ನೋಡ್ಕೋ ಹೋಗು. ಒಳಗೆ ಒಬ್ಬನ ಕಿವಿ ಕಾಯ್ತಿದೆ."

ಜನರ ಬಾಯಿ ಮುಚ್ಚಿಸಲು ನನಗೊಂದೇ ದಾರಿ ಇತ್ತು, ಸಾಲಾಗಿ ಪರೀಕ್ಷೆ ಮಾಡುವುದು. ಅರ್ಸೆನಿಯೊನನ್ನು ಕೂರಿಸಿಕೊಂಡು ವೀಯಾ ಬ್ಲಾಂಕಾ ರಸ್ತೆಗೆ ಹೋದೆ. ಅರವತ್ತಕ್ಕೆ ಒಯ್ದು, ನಡುಕ ಬಂದ ಕೂಡಲೇ ನ್ಯೂಟ್ರಲ್‌ಗೆ ಹಾಕಿ ಎಂಜಿನ್ ಆರಿಸಿದೆ. ಕಾರು ಸದ್ದಿಲ್ಲದೆ ಜಾರುತ್ತಿತ್ತು, ನಡುಕ ಮಾತ್ರ ಹಾಗೇ ಇತ್ತು. ಎಂಜಿನ್ ಸತ್ತ ಮೇಲೂ ನಡುಕ ಇದ್ದರೆ ತಪ್ಪು ಎಂಜಿನ್ನಿನದಲ್ಲ. ಹಿಂದಿನ ಚಕ್ರಗಳನ್ನು ಬಿಚ್ಚಿ ಪಕ್ಕದ ಬೀದಿಯ ಬಾದಾಮಿಯ ಚಕ್ರ ಹಾಕಿದೆ. ನಡುಕ ಹಾಗೇ. ಶಾಫ್ಟಿನ ಎರಡು ತುದಿಯಲ್ಲಿ ಮಣಿಕಟ್ಟಿನ ಹಾಗೆ ಬಾಗುವ ಕ್ರಾಸ್‌ಗಳಿರುತ್ತವೆ. ಎರಡನ್ನೂ ಹೊಸದಾಗಿ ಕಡೆದು ಕೂರಿಸಿದೆ. ಬಡಗಿಯ ರಸಮಟ್ಟ, ಶಾಲೆ ಮಕ್ಕಳ ಕೋನಮಾಪಕ ಹಿಡಿದು ಕಾರಿನಡಿ ಮಲಗಿ, ಗೇರ್‌ಬಾಕ್ಸಿನ ಓರೆ ಅಳೆದೆ. ಕೂದಲೆಳೆಯಷ್ಟು ತಪ್ಪಿತ್ತು. ಕೆಳಗೆ ತಗಡಿನ ಚೂರು ಕೊಟ್ಟು ಸರಿಮಾಡಿದೆ. ಎರಡು ವಾರ ಹೋಯಿತು, ನಡುಕ ಮಾತ್ರ ಹೋಗಲಿಲ್ಲ.

ಅರ್ಸೆನಿಯೊ ದಿನಕ್ಕೆ ಮೂರು ಸಲ ಬಂದು ಕಾರಿನಡಿ ಬಗ್ಗಿ ನನ್ನ ಮುಖ ನೋಡುತ್ತಿದ್ದ. ಹೆಂಡತಿ ನಿಯೇವೆಸ್ ಸತ್ತು ಐದು ವರ್ಷ. ಆ ಐದು ವರ್ಷ ಅವನು ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಎದೆಲ್ಮಿರಾ ಕೇಕು ಹಿಡಿದು ಅವನ ಮುಂದಿನ ಸೀಟಿನಲ್ಲಿ ಕೂರಲು ಶುರುಮಾಡಿದ ಮೇಲೆ ಅವನು ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದ, ಹಾಡುತ್ತಿದ್ದ, ಅದೂ ಅಪಸ್ವರದಲ್ಲಿ. ಅವನ ಅಪಸ್ವರ ಕೇಳಿ ನನಗೆ ಎಷ್ಟು ಖುಷಿಯಾಗುತ್ತಿತ್ತು ಎಂದರೆ ಬೈಯುವುದನ್ನೂ ಮರೆಯುತ್ತಿದ್ದೆ. ಈಗ ಹಾಡು ನಿಂತಿತ್ತು.

"ಹೇಳಿಬಿಡು ನಿಕಾನೋರ್. ಆಗಲ್ಲ ಅಂದ್ರೆ ಆಗಲ್ಲ ಅನ್ನು. ಬೇರೆ ಕಾರಲ್ಲಿ ಕೇಕು ಕಳಿಸ್ತೀನಿ."

"ಬೇರೆ ಕಾರಲ್ಲಿ ಹೋದ್ರೆ ಬೇರೆಯವನನ್ನೇ ಮದುವೆ ಆಗ್ತಾಳೆ. ಎದ್ದು ಹೋಗು, ಬೆಳಕಿಗೆ ಅಡ್ಡ ನಿಂತಿದ್ದೀಯ."

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ನಿಯೇವೆಸಳ ತಾಯಿ ತೊಮಾಸಾ ಅರ್ಸೆನಿಯೊನ ಮನೆಯಲ್ಲೇ ಇದ್ದಾಳೆ. ಎಂಬತ್ನಾಲ್ಕು ವಯಸ್ಸು. ಅವಳ ಗಂಡ ಫಿಲಿಬೆರ್ತೊ ಸಕ್ಕರೆ ಕಾರ್ಖಾನೆಯಲ್ಲಿ ನನ್ನ ಗುರು. ಮೂರು ತಿಂಗಳ ಹಿಂದೆ ಶಾಫ್ಟ್ ಕತ್ತರಿಸಿಟ್ಟ ದಿನ ತೊಮಾಸಾ ಕೋಲೂರಿಕೊಂಡು ಬಂದು, ಮುಷ್ಟಿಯಷ್ಟು ದಪ್ಪದ ಒಂದು ದುಂಡನೆ ಗಂಟು ನನ್ನ ಕೈಯಲ್ಲಿಟ್ಟಳು. ಕರಿಬಟ್ಟೆ, ಅದರ ಮೇಲೆ ಹಸಿರು ಮತ್ತು ಕಪ್ಪು ದಾರ ಬಿಗಿಯಾಗಿ ಸುತ್ತಿತ್ತು. "ಗಾಡಿಯ ಬೆನ್ನುಮೂಳೆ ಒಳಗೆ ಇಡು, ಮಗನೆ. ಬಿಚ್ಚಬೇಡ. ಅಳಿಯನಿಗೂ ಹೇಳಬೇಡ" ಎಂದಳು.

ಹಸಿರು-ಕಪ್ಪು ಎಂದರೆ ಓಗುನ್. ಕಬ್ಬಿಣದ ದೊರೆ. ಸುತ್ತಿಗೆ ಹಿಡಿಯುವವರಿಗೆಲ್ಲ, ಸ್ಟೀರಿಂಗ್ ಹಿಡಿಯುವವರಿಗೆಲ್ಲ ಅವನೇ ಗತಿ. ಅವನ ಏಳು ಪುಟ್ಟ ಕಬ್ಬಿಣದ ಆಯುಧಗಳನ್ನು ರಕ್ಷೆ ಮಾಡಿ ಕಾರಿನಲ್ಲಿಡುವುದು ನಮ್ಮಲ್ಲಿ ಇದ್ದದ್ದೇ. ದೇವರನ್ನು ನಂಬುತ್ತೀಯಾ ಎಂದು ಕೇಳಿದರೆ ನಾನು ಇಲ್ಲ ಎನ್ನುತ್ತೇನೆ. ರಕ್ಷೆ ಬಿಚ್ಚುತ್ತೀಯಾ ಎಂದರೂ ಇಲ್ಲ ಎನ್ನುತ್ತೇನೆ. ಕೊಳವೆಯ ಒಳಗೆ ಮರದ ಬಳೆ ಕೂರಿಸಿ, ಗಂಟನ್ನು ನಟ್ಟನಡುವೆ ಅಲುಗದ ಹಾಗೆ ಬಿಗಿದು, ಬೆಸುಗೆ ಹಾಕಿ ಮುಚ್ಚಿದೆ. ಅಂಥ ಶಾಫ್ಟನ್ನು ಎರಡು ಕತ್ತಿಯಂಚಿನ ಮೇಲೆ ಉರುಳಿಸಿ, ಭಾರ ಯಾವ ಕಡೆ ಇಳಿಯುತ್ತದೆಂದು ನೋಡಬೇಕು. ಅದೇ ಪದ್ಧತಿ. ನಾನು ನೋಡಲಿಲ್ಲ. ಒಳಗೆ ಸಾಕ್ಷಾತ್ ಓಗುನ್ ಇದ್ದಾನೆ, ಅವನ ತೂಕ ನೋಡಲು ನಾನು ಯಾರು? ಮೂವತ್ತೈದು ವರ್ಷದ ಮೇಸ್ತ್ರಿಕೆ ಆ ಒಂದು ಭಕ್ತಿಯಲ್ಲಿ ಹಾಳಾಯಿತು.

ಮೂರನೇ ವಾರದ ಬುಧವಾರ ಕಾರಿನ ಹಿಂಭಾಗವನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದೆ. ಅರ್ಸೆನಿಯೊ ಒಳಗೆ ಕೂತು ಗೇರ್ ಹಾಕಿ ಓಡಿಸಿದ. ನಾನು ಕೆಳಗೆ ಮಲಗಿ, ತಿರುಗುವ ಶಾಫ್ಟಿನ ಹತ್ತಿರಕ್ಕೆ ಸೀಮೆಸುಣ್ಣ ಹಿಡಿದು, ಉಸಿರು ಬಿಗಿಹಿಡಿದು ತಾಗಿಸಿದೆ. ನಿಲ್ಲಿಸಿ ನೋಡಿದರೆ ಬಿಳಿ ಗೀಟು ಸುತ್ತಲೂ ಇರಲಿಲ್ಲ, ಒಂದೇ ಕಡೆ ಇತ್ತು. ಶಾಫ್ಟ್ ಆ ಕಡೆಗೇ ಹೊರಗೆ ಎಸೆಯುತ್ತಿತ್ತು. ಎದುರು ಕಡೆಗೆ ನೀರಿನ ಪೈಪಿನ ಎರಡು ಕ್ಲಿಪ್ ಬಿಗಿದೆ, ಅವುಗಳ ಸ್ಕ್ರೂ ತಲೆಯ ಭಾರ ಅಲ್ಲಿ ಬರಲಿ ಎಂದು. ನಡುಕ ಚೂರು ತಗ್ಗಿತು. ನಾಲ್ಕು ಬಿಗಿದೆ. ಇನ್ನೂ ತಗ್ಗಿತು. ಆರನೆಯದನ್ನು ಬಿಗಿಯುವ ಹೊತ್ತಿಗೆ ಕ್ಲಿಪ್ಪುಗಳು ಕಾರಿನ ತಳಕ್ಕೆ ತಾಗಿ ಟಣಟಣ ಎಂದವು, ನಡುಕ ಇನ್ನೂ ಉಳಿದೇ ಇತ್ತು.

ಅಲ್ಲೇ ಮಲಗಿ ಯೋಚಿಸಿದೆ. ಬೆಸುಗೆಯ ತಪ್ಪಾದರೆ ಎರಡು ಕ್ಲಿಪ್ಪಿಗೆ ಸರಿಹೋಗಬೇಕು. ಓಗುನ್‌ನ ಏಳು ಆಯುಧ ಸೇರಿದರೂ ಎರಡು ಚಮಚದ ತೂಕವಿಲ್ಲ, ಅದೂ ನಟ್ಟನಡುವೆ ಇದೆ. ಹಾಗಾದರೆ ಆರು ಕ್ಲಿಪ್ಪಿಗೂ ಬಗ್ಗದ ಭಾರ ಯಾವುದಪ್ಪ ಇದು? ಸೀಮೆಸುಣ್ಣದ ಗೀಟು ಸರಿಯಾಗಿ ಗಂಟು ಕೂರಿಸಿದ ಜಾಗದಲ್ಲೇ ಇತ್ತು.

ಅರ್ಸೆನಿಯೊನನ್ನು ಮನೆಗೆ ಕಳಿಸಿದೆ. ಶಾಫ್ಟ್ ಬಿಚ್ಚಿ ಮೇಜಿಗೆ ಬಿಗಿದೆ. ಒಂದು ಗುಟುಕು ರಮ್ ನೆಲಕ್ಕೆ ಸುರಿದೆ, ದೇವರ ಪಾಲು. ಇನ್ನೊಂದು ನಾನು ಕುಡಿದೆ. "ನೋಡು ದೊರೆ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬ ಮನುಷ್ಯನ ಮದುವೆ ನಿಂತಿದೆ. ಕೈ ಕತ್ತರಿಸೋದಾದ್ರೆ ಎಡಗೈ ತಗೋ" ಎಂದು ಗರಗಸ ಹಿಡಿದೆ.

ಗಂಟು ಬಿಚ್ಚಿದರೆ ಒಳಗೆ ಕಬ್ಬಿಣದ ಚೂರೂ ಇರಲಿಲ್ಲ. ಒಂದು ಕಡೆ ಹತ್ತಿ, ಒತ್ತೊತ್ತಾಗಿ ತುರುಕಿದ್ದು. ಇನ್ನೊಂದು ಕಡೆ ಸೀಸದ ಮೂರು ಬಿಲ್ಲೆ. ನಾನು ಗಂಟನ್ನು ಆಕಾರ ನೋಡಿ ನಡುವೆ ಕೂರಿಸಿದ್ದೆ, ಒಳಗಿನ ಭಾರವೆಲ್ಲ ಒಂದೇ ಪಕ್ಕಕ್ಕಿತ್ತು. ಬಿಲ್ಲೆಗಳನ್ನು ತಿರುಗಿಸಿ ನೋಡಿದೆ. ಮೂರರ ಮೇಲೂ ಒಂದು ಪುಟ್ಟ ಮೀನಿನ ಗುರುತು ಕೊರೆದಿತ್ತು. ಅದು ಫಿಲಿಬೆರ್ತೊನ ಗುರುತು. ಸಕ್ಕರೆಯ ನೀರು ಹಿಂಡುವ ದೊಡ್ಡ ತಿರುಗುಯಂತ್ರಗಳು ನಡುಗಿದಾಗ ಸರಿದೂಗಿಸಲು ಅವನು ಎರಕ ಹೊಯ್ದುಕೊಂಡಿದ್ದ ತೂಕಗಳು. ಇವುಗಳನ್ನು ಒರೆಸಿ ಪೆಟ್ಟಿಗೆಗೆ ಇಡುವ ಕೆಲಸ ಒಂದು ಕಾಲದಲ್ಲಿ ನನ್ನದೇ ಆಗಿತ್ತು.

ಸಿಟ್ಟು ನೆತ್ತಿಗೇರಿತು. ಬಿಲ್ಲೆಗಳನ್ನು ಜೇಬಿಗೆ ಹಾಕಿ ಅರ್ಸೆನಿಯೊನ ಮನೆಗೆ ಹೋದೆ. ಅವನು ಕ್ಯಾನು ಹಿಡಿದು ಡೀಸೆಲ್ಲಿನ ಸಾಲಿಗೆ ಹೋಗಿದ್ದ. ತೊಮಾಸಾ ಬಾಗಿಲ ಬಳಿ ತೂಗುಕುರ್ಚಿಯಲ್ಲಿ ಕೂತು, ತಟ್ಟೆಯಲ್ಲಿ ರೇಷನ್ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಬಿಲ್ಲೆಗಳನ್ನು ಅಕ್ಕಿಯ ಮೇಲೆಯೇ ಇಟ್ಟೆ.

"ಈ ಕಲ್ಲೂ ಆರಿಸಿ, ಅಮ್ಮ."

ಅವಳು ನೋಡಿದಳು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. "ಮೂರು ವಾರ ಬೇಕಾಯ್ತಾ ನಿನಗೆ? ಫಿಲಿಬೆರ್ತೊ ಆಗಿದ್ರೆ ಒಂದು ಮಧ್ಯಾಹ್ನದ ಕೆಲಸ."

"ದೇವರ ಹೆಸರಲ್ಲಿ ಸುಳ್ಳು ಹೇಳಿದ್ರಲ್ಲ."

"ನಾನೆಲ್ಲಿ ದೇವರ ಹೆಸರು ಹೇಳಿದೆ? ಬೆನ್ನುಮೂಳೆ ಒಳಗಿಡು ಅಂದೆ, ಬಿಚ್ಚಬೇಡ ಅಂದೆ. ಮನೇಲಿದ್ದ ದಾರದಲ್ಲಿ ಕಟ್ಟಿದೆ. ಅದು ಓಗುನ್ ಅಂದ್ಕೊಂಡು ಕಣ್ಣಿಗೊತ್ತಿಕೊಂಡೋನು ನೀನು."

ನಿಜವೇ.

"ಒಂದು ಪಕ್ಕಕ್ಕೆ ಮೂರು ಬಿಲ್ಲೆಯಷ್ಟು ಭಾರ ಜಾಸ್ತಿಯಾದ್ರೆ ಸಾಕು, ಇಡೀ ಕಾರ್ಖಾನೆ ನಡುಗತ್ತೆ ಅಂತಿದ್ದ ನಮ್ಮೆಜಮಾನ. ನಲವತ್ತು ವರ್ಷ ಊಟದ ಹೊತ್ತಿಗೆ ಅದನ್ನೇ ಕೇಳಿದ್ದೀನಿ. ನನಗೂ ಸ್ವಲ್ಪ ಬುದ್ಧಿ ಹತ್ತಿರಲ್ವಾ?" ಅವಳು ತಟ್ಟೆ ಕೆಳಗಿಟ್ಟಳು. "ಆ ಹೆಂಗಸು ಅವನ ಕಾರು ಹತ್ತಿ ಕೂರೋದು ಆಗಲೇ ಶುರುವಾಗಿತ್ತು. ಕಾರು ನಡುಗಿದ್ರೆ ಕೇಕಿನೋಳು ಬೇರೆ ಕಾರು ಹುಡುಕ್ತಾಳೆ ಅಂದ್ಕೊಂಡೆ. ನೋಡಪ್ಪ, ಮಗಳು ಹೋದ್ಲು. ಅರ್ಸೆನಿಯೊ ಒಳ್ಳೆಯವನು, ಆದ್ರೆ ನಾನು ಹೆತ್ತವನಲ್ಲ. ಹೊಸಬಳು ಬಂದ್ರೆ ಅಡುಗೆಮನೆ ಅವಳದು, ರೇಡಿಯೋ ಅವಳದು. ಈ ಕುರ್ಚಿ ಎಲ್ಲಿ ಹಾಕ್ತಾಳೆ? ಹಿತ್ತಲಲ್ಲಿ, ಕೋಳಿ ಜೊತೆ. ನನಗೆ ಭಯ ಆಯ್ತು ನಿಕಾನೋರ್, ಅದಕ್ಕೇ ಮಾಡಿದೆ."

ಸಿಟ್ಟು ಇಳಿದುಹೋಗಿತ್ತು, ಅದೇ ನನಗೆ ಸಿಟ್ಟು ತರಿಸಿತು.

"ಅಳಿಯನಿಗೆ ಹೇಳ್ತೀಯಾ?" ಎಂದಳು.

"ಹೇಗೆ ಹೇಳ್ಲಿ? ಬಿಚ್ಚಿ ನೋಡದೆ ಶಾಫ್ಟಿನೊಳಗೆ ಹತ್ತಿ ತುಂಬಿದ ಮೇಸ್ತ್ರಿ ಅಂತ ರಿಗೊ ಊರಿನ ಪ್ರತಿ ತಲೆಗೂ ಹೇಳ್ತಾನೆ. ಕೊಳವೆ ಒಳಗೆ ತುಕ್ಕು ಗಟ್ಟಿ ಕಟ್ಕೊಂಡಿತ್ತು, ತೆಗೆದೆ ಅಂತೀನಿ."

"ಒಳ್ಳೇದು." ಬಿಲ್ಲೆಗಳನ್ನು ಲಂಗದ ಜೇಬಿಗೆ ಹಾಕಿಕೊಂಡಳು. "ಶನಿವಾರ ನಾನೂ ಕಾರಲ್ಲಿ ಬರ್ತೀನಿ."

"ಯಾಕೆ?"

"ಎಂಬತ್ನಾಲ್ಕು ವರ್ಷ ನನಗೆ. ಸಮುದ್ರ ನೋಡ್ಬೇಕು."

ಶಾಫ್ಟಿಗೆ ಮತ್ತೆ ಬೆಸುಗೆ ಹಾಕಿದೆ. ಈ ಸಲ ಕತ್ತಿಯಂಚಿನ ಮೇಲೆ ಉರುಳಿಸಿದೆ, ಒಂದಲ್ಲ, ಇಪ್ಪತ್ತು ಸಲ. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವ ತನಕ ಬಿಡಲಿಲ್ಲ. ಕಾರಿಗೆ ಕೂರಿಸಿ ಅರವತ್ತು, ಎಪ್ಪತ್ತು, ಎಂಬತ್ತಕ್ಕೆ ಓಡಿಸಿದಾಗ ಅರ್ಸೆನಿಯೊ ಸ್ಟೀರಿಂಗಿನಿಂದ ಒಂದು ಕೈ ತೆಗೆದು ನನ್ನ ತಲೆಗೆ ಮುತ್ತು ಕೊಟ್ಟ. ರಸ್ತೆ ನೋಡಿ ಓಡಿಸು ಎಂದು ಬೈದೆ. ಅವನು ಅಪಸ್ವರದಲ್ಲಿ ಹಾಡತೊಡಗಿದ.

ಶನಿವಾರ ಹಿಂದಿನ ಸೀಟಿನ ನಡುವೆ ಮೂರಂತಸ್ತಿನ ಕೇಕು ಕೂತಿತು. ಅದರ ಒಂದು ಪಕ್ಕ ಎದೆಲ್ಮಿರಾ, ಇನ್ನೊಂದು ಪಕ್ಕ ಕಪ್ಪು ಉಡುಪಿನ ಮೇಲೆ ಶಾಲು ಹೊದ್ದ ತೊಮಾಸಾ. ಮುಂದೆ ಅರ್ಸೆನಿಯೊ, ಪಕ್ಕದಲ್ಲಿ ನಾನು. ರಿಗೊ ಅಂಗಡಿಯಿಂದ ಹೊರಗೆ ಬಂದು ಬಾಚಣಿಗೆ ಎತ್ತಿ ಶಿಲುಬೆಯ ಗುರುತು ಮಾಡಿದ. ಸುರಂಗದ ಬಾಯಿ ಬಂತು. ಹಿಂದೆ ಬಸ್ಸು ಹಾರ್ನ್ ಹೊಡೆಯಿತು. ಅರ್ಸೆನಿಯೊ ಅರವತ್ತಕ್ಕೆ ಏರಿಸಿದ. ನಾನು ಅಂಗಾಲಿನಿಂದ ಕಾರಿನ ತಳವನ್ನು ಕೇಳಿಸಿಕೊಳ್ಳುತ್ತಿದ್ದೆ. ಏನೂ ಇಲ್ಲ, ಬರೀ ಡೀಸೆಲ್ಲಿನ ಗೊಣಗಾಟ. ಆಚೆ ಬಿಸಿಲಿಗೆ ಬಂದಾಗ ಬಲಕ್ಕೆ ಸಮುದ್ರ ಇತ್ತು. ತೊಮಾಸಾ ಅತ್ತ ಕಣ್ಣೂ ಹಾಯಿಸಲಿಲ್ಲ.

ಕೊಲ್ಲಿಯಾಚೆಯ ವೆದಾದೋ ಬಡಾವಣೆಯಲ್ಲಿ ಎದೆಲ್ಮಿರಾಳ ಅಕ್ಕನ ಮನೆ ಮುಂದೆ ಕಾರು ನಿಂತಿತು. ಅರ್ಸೆನಿಯೊ ಓಡಿಬಂದು ಹಿಂದಿನ ಬಾಗಿಲು ತೆಗೆದ. ಎದೆಲ್ಮಿರಾ ಮೇಲಿನ ಅಂತಸ್ತು ನೋಡಿದಳು, ನಡುವಿನದು ನೋಡಿದಳು, ಒಂದೂ ಬಿರುಕಿಲ್ಲ. ಕೆಳಗಿನದರ ಸುತ್ತ ಬಗ್ಗಿ ನೋಡುತ್ತ ತೊಮಾಸಾಳ ಪಕ್ಕಕ್ಕೆ ಬಂದಾಗ ನಿಂತಳು. ಅಲ್ಲೊಂದು ತೂತು ಇತ್ತು. ಬೆರಳು ಹೋಗುವಷ್ಟು ಅಗಲ, ಎರಡು ಗೆಣ್ಣು ಆಳ.

ಅರ್ಸೆನಿಯೊ ಎರಡೂ ಕೈ ಎತ್ತಿದ. "ನಡುಗ್ಲಿಲ್ಲ ಎದೆಲ್ಮಿರಾ, ಆಣೆ ಮಾಡಿ ಹೇಳ್ತೀನಿ, ನಡುಗ್ಲಿಲ್ಲ" ಎಂದ. ತೊಮಾಸಾ ಬಲಗೈಯನ್ನು ಶಾಲಿನೊಳಗೆ ಮುಚ್ಚಿಕೊಂಡು ನೇರ ಮುಂದೆ ನೋಡುತ್ತಿದ್ದಳು. ಮುದುಕಿಯನ್ನು ಸುರಂಗದಲ್ಲೇ ಇಳಿಸಿ ಬರಬೇಕಿತ್ತು ಎನಿಸಿತು ನನಗೆ. ಬಾಯಿ ಬಿಡೋಣವೆಂದರೆ ನನ್ನ ಬಾಯಿಗೂ ಬೀಗ. ಎದೆಲ್ಮಿರಾ ತೂತನ್ನು ನೋಡಿದಳು, ಶಾಲನ್ನು ನೋಡಿದಳು, ಆಮೇಲೆ ಮುದುಕಿಯ ಮೇಲ್ತುಟಿಯ ಮೇಲಿದ್ದ ಬಿಳಿ ಚುಕ್ಕೆಯನ್ನು ನೋಡಿದಳು.

"ಅಮ್ಮ, ಸಿಹಿ ಸರಿಯಾಗಿದೆಯಾ?"

ತೊಮಾಸಾ ಮೇಲ್ತುಟಿಯ ಚುಕ್ಕೆ ನೆಕ್ಕಿಕೊಂಡಳು. "ನಿಂಬೆ ಜಾಸ್ತಿ" ಎಂದಳು.

"ನನಗೂ ಹಾಗೇ ಅನ್ನಿಸ್ತು. ಮಾಡಿದವಳ ನಾಲಿಗೆಗೆ ಗೊತ್ತಾಗಲ್ಲ." ಎದೆಲ್ಮಿರಾ ಡಬ್ಬಿಯಿಂದ ಸಕ್ಕರೆಯ ಗುಲಾಬಿ ತೆಗೆದು ತೂತಿನ ಮೇಲೆ ಒತ್ತಿದಳು. "ಇನ್ನು ಮೇಲೆ ನಾನು ಕಡೆಯುವಾಗ ನೀವು ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತು ರುಚಿ ಹೇಳ್ಬೇಕು."

"ನನಗೆ ಬೇರೆ ಕುರ್ಚಿ ಒಗ್ಗಲ್ಲ. ನಿನ್ನ ಮನೆಗೆ ನನ್ನ ಕುರ್ಚಿ ಯಾರು ಹೊತ್ತುಕೊಂಡು ಬರ್ತಾರೆ?"

"ಅದನ್ನ ಯಾಕೆ ಹೊರ್ಬೇಕು? ಅದು ಇರೋ ಕಡೆನೇ ಇರ್ಲಿ. ಬರೋಳು ನಾನು."

ತೊಮಾಸಾ ಶಾಲಿನೊಳಗಿಂದ ಕೈ ಹೊರಗೆ ತೆಗೆದಳು. ತೋರುಬೆರಳು ಇನ್ನೂ ಬೆಳ್ಳಗಿತ್ತು. ಅದನ್ನು ಮುಚ್ಚಿಡುವ ಗೋಜಿಗೆ ಹೋಗದೆ, ಕೇಕಿನ ತಟ್ಟೆಯ ಒಂದು ಅಂಚು ತಾನೇ ಹಿಡಿದು, "ಹುಷಾರು, ಈ ಕಡೆ ಭಾರ ಜಾಸ್ತಿ" ಎಂದಳು. ಇಬ್ಬರು ಹೆಂಗಸರೂ ಕೇಕು ಎತ್ತಿಕೊಂಡು ಒಳಗೆ ಹೋದರು.

ಅರ್ಸೆನಿಯೊ ಬಾಗಿಲು ಹಿಡಿದುಕೊಂಡು ನಿಂತೇ ಇದ್ದ. "ನಿಕಾನೋರ್, ಅವಳು ಈಗ ಹೂಂ ಅಂದ್ಲಾ?"

"ನಿನಗಲ್ಲ, ನಿಮ್ಮತ್ತೆಗೆ" ಎಂದೆ. "ಬಾಗಿಲು ಹಾಕು, ಸೀಟೆಲ್ಲ ಬಿಸಿಲಿಗೆ ಕಾಯ್ತಿದೆ."